ಅಂಗಿ ಬಿಚ್ಚಿಕೊಟ್ಟವರಿಗೆ ಗುಡಿ

ಒಂದು ಬಹುಮಾನದ ಸುದ್ದಿ ಹೇಳುತ್ತೇನೆ, ಕೇಳಿ. ಸುದ್ದಿ ಎರಡು ಸಾವಿರ ವರ್ಷ ಹಳೆಯದು, ಮೈ ಉರಿಯುವುದು ಮಾತ್ರ ಇನ್ನೂ ನಿಂತಿಲ್ಲ. ರೋಮನ್ನರ ಏಷ್ಯಾ ಪ್ರಾಂತ್ಯದ (ಅಂದರೆ ಇಂದಿನ ಪಶ್ಚಿಮ ತುರ್ಕಿಯ) ಗ್ರೀಕ್ ಊರುಗಳ ಒಕ್ಕೂಟ ಒಂದು ಸ್ಪರ್ಧೆ ಸಾರಿತ್ತು: ರೋಮಿನ ಚಕ್ರವರ್ತಿ ಅಗಸ್ಟಸ್ ಪ್ರಭುವಿಗೆ ಎಲ್ಲಕ್ಕಿಂತ ದೊಡ್ಡ ಮರ್ಯಾದೆ ಯಾವುದೆಂದು ಸೂಚಿಸಿದವರಿಗೆ ಕಿರೀಟ. ಕಿರೀಟ ಸುಮಾರು ಎರಡು ದಶಕ ದೂಳು ತಿಂದಿತು. ಕೊನೆಗೆ ಕ್ರಿ.ಪೂ. 9ರ ಸುಮಾರಿಗೆ ಗೆದ್ದವರು ಪೌಲಸ್ ಫೇಬಿಯಸ್ ಮ್ಯಾಕ್ಸಿಮಸ್. ಯಾರಿವರು ಅಂದಿರಾ? ಅದೇ ಪ್ರಾಂತ್ಯದ ಗವರ್ನರ್ ಸಾಹೇಬರು! ಪ್ರಭು ಹುಟ್ಟಿದ ಸೆಪ್ಟೆಂಬರ್ 23ರಂದೇ ಹೊಸ ವರ್ಷ ಶುರುವಾಗಲಿ ಎಂಬುದು ಅವರ ಸಲಹೆ. ತೀರ್ಪುಗಾರರು ಬಹಳ ಹೊತ್ತು ತಲೆ ಕೆರೆದುಕೊಂಡಿರಲಾರರು.

ಒಕ್ಕೂಟಗಳು ಹುಟ್ಟಿನಿಂದಲೇ ಹೀಗಿರಲಿಲ್ಲ. ಗ್ರೀಸಿನ ಊರುಗಳ ಅಕೀಯನ್ ಒಕ್ಕೂಟಕ್ಕೆ ಸ್ವಂತ ಸೈನ್ಯವಿತ್ತು, ಸಿಟ್ಟೂ ಇತ್ತು. ಕ್ರಿ.ಪೂ. 146ರಲ್ಲಿ ರೋಮನ್ನರು ಕೊರಿಂತ್ ಪಟ್ಟಣವನ್ನು ಸುಟ್ಟು ಒಕ್ಕೂಟವನ್ನು ಮುಚ್ಚಿಸಿದರು. ಕೆಲಕಾಲದ ಮೇಲೆ, ಪಾಪ, ಮತ್ತೆ ನಡೆಸಿಕೊಳ್ಳಿ ಎಂದರು. ಹಲ್ಲು ಕಿತ್ತ ಹಾವಿಗೆ ಬುಟ್ಟಿ ಕೊಟ್ಟ ಹಾಗೆ. ಅಲ್ಲಿಂದ ಮುಂದೆ ಒಕ್ಕೂಟ ಅಂದರೆ ಪೂಜೆ, ಆಟೋಟ, ಅಭಿನಂದನಾ ಠರಾವು. ಕೆಟ್ಟ ಗವರ್ನರನ ಮೇಲೆ ರೋಮಿಗೆ ದೂರು ಒಯ್ಯುವ ಹಕ್ಕೂ ಇತ್ತೆನ್ನಿ. ಪಕ್ಕದ ಬಿಥಿನಿಯಾ ಪ್ರಾಂತ್ಯದವರು ತಮ್ಮ ಗವರ್ನರ್ ಆಗಿದ್ದ ವರೇನಸ್ ಎಂಬುವನ ಮೇಲೆ ದೂರು ಕೊಟ್ಟೂ ಕೊಟ್ಟರು. ಆಮೇಲೆ ತಾವೇ ವಾಪಸ್ ತೆಗೆದುಕೊಂಡರು.

ಗುಡಿ ಕಟ್ಟುವುದಕ್ಕೆ ಮಾತ್ರ ಎಲ್ಲರಿಗೂ ಹುಮ್ಮಸ್ಸು. ಕ್ರಿ.ಶ. 26ರಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಗುಡಿ ನಮ್ಮೂರಲ್ಲೇ ಆಗಬೇಕೆಂದು 11 ಊರುಗಳು ರೋಮಿನ ಸೆನೆಟ್ ಎದುರು ಸಾಲುಗಟ್ಟಿದವು. ನಮ್ಮಲ್ಲಿ 1200 ವರ್ಷದಿಂದ ಭೂಕಂಪವಾಗಿಲ್ಲ ಎಂದಿತು ಹ್ಯಾಲಿಕಾರ್ನಾಸಸ್. ಸಾರ್ಡಿಸ್ ಪಾಪ ಆ ಮಾತು ಆಡುವಂತಿರಲಿಲ್ಲ. ಒಂಬತ್ತು ವರ್ಷದ ಹಿಂದಷ್ಟೇ ಭೂಕಂಪದಲ್ಲಿ ನೆಲಸಮವಾಗಿ, ಐದು ವರ್ಷದ ತೆರಿಗೆ ಮಾಫಿ ಪಡೆದ ಊರು ಅದು. ಆದರೂ ಅರ್ಜಿ ಹಿಡಿದು ಓಡಿ ಬಂತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಡವೇ?

ಗೆದ್ದದ್ದು ಸ್ಮಿರ್ನಾ. ಅವರ ವಾದ ಕೇಳಿ: ರೋಮನ್ ದಂಡನಾಯಕ ಸುಲ್ಲಾನ ಸೈನಿಕರು ಚಳಿಯಲ್ಲಿ ನಡುಗುತ್ತಿದ್ದಾಗ ನಮ್ಮ ಸಭೆಯಲ್ಲಿದ್ದವರೆಲ್ಲ ತೊಟ್ಟ ಬಟ್ಟೆಯನ್ನೇ ಬಿಚ್ಚಿ ಕಳಿಸಿದ್ದೆವು!

ಸುಲ್ಲಾ. ಏಷ್ಯಾ ಪ್ರಾಂತ್ಯದ ಮೇಲೆ 20,000 ಟ್ಯಾಲೆಂಟ್ (ಬೆಳ್ಳಿ ತೂಗುವ ದೊಡ್ಡ ಅಳತೆ) ದಂಡ ಹೇರಿದ ಅದೇ ಸುಲ್ಲಾ. ಜನ ಅದರ ಎರಡರಷ್ಟು ಕಟ್ಟಿದರೂ ರೋಮನ್ ಸಾಹುಕಾರರ ಚಕ್ರಬಡ್ಡಿಯಲ್ಲಿ ಬಾಕಿ 1,20,000 ಟ್ಯಾಲೆಂಟ್ ಆಯಿತು. ಹೆತ್ತವರು ಮಕ್ಕಳನ್ನು ಮಾರಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೂ ಸಾಕಾಗಿದೆ. ಮಾರಿಹೋದ ಮಕ್ಕಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಬಟ್ಟೆ ಬಿಚ್ಚಿದ್ದು ಮಾತ್ರ ಅರ್ಹತಾಪತ್ರವಾಯಿತು.

ಉಳಿದದ್ದು ಬಿರುದಿನ ಜಗಳ. ಬಿಥಿನಿಯಾದ ನೈಸಿಯಾ ಮತ್ತು ನಿಕೊಮೀಡಿಯಾ ‘ಮೊದಲನೆಯ ಊರು’ ಎಂಬ ಪದಕ್ಕಾಗಿ ತಲೆಮಾರುಗಟ್ಟಲೆ ಕಚ್ಚಾಡಿದವು. ರೋಮಿನ ಗದ್ದುಗೆಯ ಕಾದಾಟದಲ್ಲಿ ನೈಸಿಯಾ ಸೋತವನ ಪಕ್ಷ ಹಿಡಿದದ್ದೇ ತಡ, ಅದರ ಹೆಬ್ಬಾಗಿಲ ಮೇಲಿದ್ದ ಬಿರುದುಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಇತ್ತ ಎಫೆಸಸ್‌ನವರದು ಬೇರೆ ಗೋಳು: ಸ್ಮಿರ್ನಾದವರು ತಮ್ಮ ಠರಾವಿನಲ್ಲಿ ನಮ್ಮ ಬಿರುದು ಬಿಟ್ಟಿದ್ದಾರೆ! ದೂರು ಚಕ್ರವರ್ತಿ ಆಂಟೊನಿನಸ್ ಪಯಸ್‌ವರೆಗೂ ಹೋಯಿತು. ಅಷ್ಟು ದೊಡ್ಡ ಸಾಮ್ರಾಜ್ಯ ಆಳುವವನು ಕೂತು, ಅದು ಕಣ್ತಪ್ಪಿನಿಂದ ಆಗಿರಬೇಕು, ಇನ್ನು ಮುಂದೆ ಸರಿಯಾಗಿ ಬರೆಯುತ್ತಾರೆ, ನೀವೂ ಅವರ ಬಿರುದು ಸರಿಯಾಗಿ ಬರೆಯಿರಿ ಎಂದು ಸಮಾಧಾನ ಹೇಳಿದ.

ಎಫೆಸಸ್‌ನವರು ಆ ಕಾಗದವನ್ನೂ ಕಲ್ಲಿನಲ್ಲಿ ಕೆತ್ತಿಸಿಟ್ಟರು.