ಆಚಾರ್ಯರು ಹೆದರಿದ್ದು ಯಾವುದಕ್ಕೆ?

ಮೊನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಬ್ಬಳೇ ಕುಳಿತು ‘ಸಂಸ್ಕಾರ’ ಚಿತ್ರವನ್ನು ಮತ್ತೆ ನೋಡಿದೆ. ಕಾಲೇಜಿನಲ್ಲಿದ್ದಾಗ ಮೊದಲ ಸಲ ನೋಡಿದ್ದೆ. ಆಗ ಅದು ನನ್ನ ಪಾಲಿಗೆ ಒಂದು ಅಗ್ರಹಾರದ ಕಥೆ. ಹೆಣ ಸುಡುವವರು ಯಾರು ಎಂದು ವಾದಿಸುವ ಬ್ರಾಹ್ಮಣರು, ಚಂದ್ರಿ ತೆಗೆದಿಟ್ಟ ಚಿನ್ನದ ಮೇಲೆ ಅವರ ಕಣ್ಣು, ಊರಿನ ಮೇಲೆ ಎರಗುವ ಪ್ಲೇಗು, ಇಷ್ಟೇ ನೆನಪಿನಲ್ಲಿ ಉಳಿದಿತ್ತು. ಈ ಸಲ ಅವೆಲ್ಲ ಹಿಂದಕ್ಕೆ ಸರಿದವು. ಚಂದ್ರಿಯನ್ನು ಕೂಡಿದ ಮೇಲೆ ಪ್ರಾಣೇಶಾಚಾರ್ಯರನ್ನು ಹಿಡಿದುಕೊಳ್ಳುತ್ತದಲ್ಲ, ಒಂದು ಕಡೆ ಕೂರಲು ಬಿಡದ, ಊರೂರು ನಡೆಸುವ ತಳಮಳ, ಅದೊಂದೇ ಮುಂದೆ ಬಂದು ನಿಂತಿತು. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಹೊಸದಾಗಿ ನೋಡುವವರಿಗಾಗಿ ನಾಲ್ಕು ಮಾತು. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಬಂದದ್ದು 1965ರಲ್ಲಿ, ಪಟ್ಟಾಭಿರಾಮ ರೆಡ್ಡಿಯವರ ಚಿತ್ರ 1970ರಲ್ಲಿ. ಆಚಾರ ಬಿಟ್ಟು ಚಂದ್ರಿಯನ್ನು ಇಟ್ಟುಕೊಂಡಿದ್ದ ಬ್ರಾಹ್ಮಣ ನಾರಣಪ್ಪ ಸಾಯುತ್ತಾನೆ, ಅವನ ಹೆಣ ಸುಡುವವರು ಯಾರೆಂದು ಅಗ್ರಹಾರದ ಪಂಡಿತರಾದ ಪ್ರಾಣೇಶಾಚಾರ್ಯರು ತೀರ್ಪು ಹೇಳಬೇಕು. ಆಚಾರ್ಯರಾಗಿ ಗಿರೀಶ ಕಾರ್ನಾಡ, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ನಾರಣಪ್ಪನಾಗಿ ಪಿ. ಲಂಕೇಶ್. ಸೆನ್ಸಾರಿನವರು ಮೊದಲು ತಡೆಹಿಡಿದ ಈ ಚಿತ್ರಕ್ಕೇ ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು.

ಆಚಾರ್ಯರ ಸಂಕಟಕ್ಕೆ ಎಲ್ಲರೂ ಕೊಡುವ ವಿವರಣೆ ಒಂದೇ: ಪಾಪಪ್ರಜ್ಞೆ. ವೇದಾಂತ ಶಿರೋಮಣಿ, ಕಾಶಿಯಲ್ಲಿ ಓದಿ ಬಂದವರು, ಸುತ್ತಮುತ್ತಲ ಊರುಗಳಿಗೆ ಧರ್ಮ ಹೇಳುವವರು. ಅಂಥವರು ಸತ್ತವನೊಬ್ಬನ ಸೂಳೆಯನ್ನು ಮುಟ್ಟಿದರು, ಮನಸ್ಸು ಕುಟುಕಿತು ಎಂಬ ಲೆಕ್ಕ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಮಾಡಿದ್ದಕ್ಕೆ ನೊಂದವನು ಅಳುತ್ತಾನೆ, ಪ್ರಾಯಶ್ಚಿತ್ತಕ್ಕೆ ದಾರಿ ಹುಡುಕುತ್ತಾನೆ. ಪ್ರಾಯಶ್ಚಿತ್ತದ ವಿಧಿಗಳನ್ನು ಬಾಯಿಪಾಠ ಮಾಡಿಕೊಂಡಿರುವ ಆಚಾರ್ಯರು ತಮ್ಮ ವಿಷಯದಲ್ಲಿ ಒಂದು ವಿಧಿಯನ್ನೂ ನೆನೆಸಿಕೊಳ್ಳುವುದಿಲ್ಲ, ನಡೆಯುತ್ತಲೇ ಇರುತ್ತಾರೆ. ಪಾಪಪ್ರಜ್ಞೆ ಹಿಂದೆ ತಿರುಗಿ ನೋಡುತ್ತದೆ. ಅವರನ್ನು ಹಿಡಿದಿರುವ ಆತಂಕದ ಕಣ್ಣು ಮುಂದಕ್ಕಿದೆ.

ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಸುಮಾರು ಮೂವತ್ತು ವರ್ಷ ಒಂದು ಮಾತು ಹೇಳಿಕೊಂಡು ಬಂದಿದ್ದ. ಅದುಮಿಟ್ಟ ಕಾಮ ಹೊರಗೆ ದಾರಿ ಸಿಗದೆ ಕೆಟ್ಟು ಆತಂಕವಾಗುತ್ತದೆ ಎಂದು. 1926ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಆ ಮಾತನ್ನು ತಾನೇ ತಿರುಗಿಸಿ ಹಾಕಿದ. ಅದುಮಿದ್ದರಿಂದ ಆತಂಕ ಹುಟ್ಟುವುದಲ್ಲ, ಆತಂಕ ಹುಟ್ಟಿದ್ದರಿಂದ ನಾವು ಅದುಮುತ್ತೇವೆ ಎಂದ. ಅಪಾಯ ಬರುವ ಮೊದಲೇ ಅಹಂ, ಅಂದರೆ ಮನಸ್ಸಿನೊಳಗಿನ ‘ನಾನು’, ಹೊಡೆದುಕೊಳ್ಳುವ ಗಂಟೆ ಅದು. ಎಪ್ಪತ್ತಕ್ಕೆ ಬಂದ ಮೇಲೆ ತನ್ನ ಸಿದ್ಧಾಂತವನ್ನೇ ಹೀಗೆ ಬಿಚ್ಚಿ ಹೊಸದಾಗಿ ಹೊಲಿದ ಆ ಎದೆಗಾರಿಕೆಯ ಬಗ್ಗೆ ನನಗೆ ಯಾವತ್ತೂ ಗೌರವ.

ಈಗ ಆಚಾರ್ಯರನ್ನು ನೋಡಿ. ನಡೆಯಬಾರದ್ದು ನಡೆದುಹೋಗಿದೆ. ಹಾಗಾದರೆ ಗಂಟೆ ಇನ್ನೂ ಯಾಕೆ ಹೊಡೆದುಕೊಳ್ಳುತ್ತಿದೆ? ಮುಂದೆ ಬರಲಿರುವ ಅಪಾಯ ಯಾವುದು? ನನಗೆ ತೋರುವ ಉತ್ತರ ಒಂದೇ. ಅವರಿಗೆ ಆ ಸುಖ ಮತ್ತೆ ಬೇಕಾಗಿದೆ. ಮುಟ್ಟಿದ್ದಕ್ಕೆ ಅವರು ಹೆದರಿಲ್ಲ. ಮುಟ್ಟಿದಾಗ ಆಕಾಶ ಕಳಚಿ ಬೀಳಲಿಲ್ಲ, ಮೈ ಹಗುರವಾಯಿತು, ಚಂದ್ರಿ ಎಲ್ಲಿದ್ದಾಳೆ ಎಂದು ಕಣ್ಣು ತಾನಾಗಿ ಹುಡುಕತೊಡಗಿತು. ಅದಕ್ಕೆ ಹೆದರಿದ್ದಾರೆ.

ಇದನ್ನು ಒಪ್ಪಿಕೊಂಡರೆ ಅವರ ಹಿಂದಿನ ಇಪ್ಪತ್ತು ವರ್ಷಗಳನ್ನೂ ಹೊಸದಾಗಿ ಓದಬೇಕಾಗುತ್ತದೆ. ಹುಟ್ಟು ರೋಗಿಯಾದ ಭಾಗೀರಥಿಯನ್ನು ಆಚಾರ್ಯರು ಗೊತ್ತಿದ್ದೇ ಮದುವೆಯಾದರು. ದಿನವೂ ಮೈ ಒರೆಸುತ್ತಾರೆ, ಗಂಜಿ ಕುಡಿಸುತ್ತಾರೆ. ಊರು ಅದನ್ನು ತ್ಯಾಗವೆಂದು ಕೈ ಮುಗಿಯುತ್ತದೆ, ಅವರೂ ಹಾಗೆಯೇ ನಂಬಿದ್ದಾರೆ. ಇನ್ನೊಂದು ಮದುವೆಯಾಗಿ ಎಂದು ಹೆಂಡತಿಯೇ ಹೇಳಿದರೂ ಒಪ್ಪುವುದಿಲ್ಲ. ಯಾಕೆ ಒಪ್ಪಲಿಲ್ಲ? ಮುಟ್ಟಲಾಗದ ಹೆಂಡತಿ ಮನೆಯಲ್ಲಿರುವ ತನಕ ಆಸೆಯ ಪ್ರಶ್ನೆಯೇ ಏಳುವುದಿಲ್ಲ. ಬೇಡವೆನ್ನುವ ಕೆಲಸವನ್ನು ಅವರು ಮಾಡಬೇಕಾಗಿಲ್ಲ, ಅವಳ ಕಾಯಿಲೆಯೇ ಮಾಡುತ್ತದೆ. ಅವರ ಕರುಣೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಒಂದು ಬಟ್ಟಲು ಗಂಜಿಯನ್ನು ಇಪ್ಪತ್ತು ವರ್ಷ ಪ್ರೀತಿಯಿಂದ ಹಿಡಿದ ಕೈ ಸುಳ್ಳಾಗಲಾರದು. ಆದರೆ ಅದೇ ಬಟ್ಟಲು ಅವರಿಗೆ ಗುರಾಣಿಯೂ ಆಗಿತ್ತು. ಪ್ಲೇಗಿನಲ್ಲಿ ಭಾಗೀರಥಿ ತೀರಿಕೊಂಡಾಗ ಅವರು ಹೆಂಡತಿಯನ್ನಷ್ಟೇ ಕಳೆದುಕೊಂಡದ್ದಲ್ಲ. ಒಳಗಿನ ಕೋಟೆಗಿದ್ದ ಒಂದೇ ಗೋಡೆಯೂ ಬಿತ್ತು.

ಮನುಷ್ಯ ಎಷ್ಟೆಷ್ಟು ಸದ್ಗುಣಿಯೋ ಅವನ ಒಳಗಿನ ನ್ಯಾಯಾಧೀಶ ಅಷ್ಟಷ್ಟು ಕಠೋರ, ಅಷ್ಟಷ್ಟು ಸಂಶಯಗಾರ. ಇದನ್ನೂ ಫ್ರಾಯ್ಡ್ 1930ರಲ್ಲಿ ಬರೆದಿದ್ದಾನೆ. ನಮ್ಮ ಮನಶ್ಶಾಸ್ತ್ರದ ಪುಸ್ತಕಗಳು ಅತ್ಯಹಂ ಎಂದು ಕರೆಯುವ ಆ ನ್ಯಾಯಾಧೀಶನ ಮುಂದೆ ನಾರಣಪ್ಪನಂಥ ಕುಡುಕನಿಗೆ ಸಿಗುವ ರಿಯಾಯಿತಿ ಆಚಾರ್ಯರಿಗೆ ಸಿಗುವುದಿಲ್ಲ. ತಪ್ಪು ಮಾಡದವನ ಮೇಲೆಯೇ ಅವನಿಗೆ ಹೆಚ್ಚು ಕಣ್ಣು, ಏಕೆಂದರೆ ಅವನು ತಡೆಹಿಡಿದ ಒಂದೊಂದು ಆಸೆಯ ಲೆಕ್ಕವೂ ಅಲ್ಲಿದೆ. ಕಾದಂಬರಿಯಲ್ಲಿ ಕಾಶಿಯ ಸಹಪಾಠಿ ಮಹಾಬಲನ ಪ್ರಸಂಗವೊಂದು ಬರುತ್ತದೆ. ಓದುವುದನ್ನು ಬಿಟ್ಟು ಒಬ್ಬ ವೇಶ್ಯೆಯ ಮನೆ ಸೇರಿದವನು. ಆಚಾರ್ಯರ ಹಟ ಗಟ್ಟಿಯಾದದ್ದು ಅವನನ್ನು ಕಳೆದುಕೊಂಡ ಮೇಲೆ. ನಾರಣಪ್ಪನನ್ನು ಅಗ್ರಹಾರದಿಂದ ಹೊರಗೆ ಹಾಕದೆ, ತಿದ್ದುತ್ತೇನೆ ತಿದ್ದುತ್ತೇನೆ ಎಂದು ಅಷ್ಟು ವರ್ಷ ಇಟ್ಟುಕೊಂಡದ್ದರ ಗುಟ್ಟೂ ಅಲ್ಲೇ ಇದೆ ಎನಿಸುತ್ತದೆ. ತಾನು ಬದುಕದೆ ಬಿಟ್ಟ ಬದುಕು ಎದುರು ಮನೆಯಲ್ಲೇ ಇರಲಿ ಎಂದು ಮನಸ್ಸಿನ ಯಾವುದೋ ಮೂಲೆ ಬಯಸಿತ್ತು.

ಕಾಡಿನ ಆ ರಾತ್ರಿಗೆ ಬರುತ್ತೇನೆ. ಆಚಾರ್ಯರು ಹೆಣದ ಸಂಸ್ಕಾರಕ್ಕೆ ಅಪ್ಪಣೆ ಕೇಳಲು ಮಾರುತಿಯ ಗುಡಿಗೆ ಹೋಗಿ ದಿನವಿಡೀ ಕಾದಿದ್ದಾರೆ, ಹೂವಿನ ಪ್ರಸಾದ ಆಗಿಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲ. ಕತ್ತಲಲ್ಲಿ ಹಿಂದಿರುಗುವಾಗ ಚಂದ್ರಿ ಕಾಲಿಗೆ ಬೀಳುತ್ತಾಳೆ. ಅವಳ ಮೈ ತಾಗಿದಾಗ ಆಚಾರ್ಯರ ಬಾಯಿಯಿಂದ ಹೊರಡುವ ಮಾತು, ಕಾದಂಬರಿಯಲ್ಲಿ, ‘ಅಮ್ಮಾ’. ಆಮೇಲೆ ಅವಳು ಮಡಿಲಿನಿಂದ ಬಾಳೆಹಣ್ಣು ತೆಗೆದು ತಿನ್ನಿಸುತ್ತಾಳೆ. ಇಪ್ಪತ್ತು ವರ್ಷ ಇನ್ನೊಬ್ಬರಿಗೆ ಉಣ್ಣಿಸಿದ ಮನುಷ್ಯನಿಗೆ ಮೊದಲ ಸಲ ಯಾರೋ ಉಣ್ಣಿಸುತ್ತಾರೆ. ನನಗೆ ಇಡೀ ಕಥೆಯಲ್ಲಿ ಇದಕ್ಕಿಂತ ಆಳವಾದ ಗಳಿಗೆ ಇನ್ನೊಂದಿಲ್ಲ.

ಗೌರವಿಸುವ ಹೆಣ್ಣನ್ನು ಬಯಸಲಾರದ, ಬಯಸುವ ಹೆಣ್ಣನ್ನು ಗೌರವಿಸಲಾರದ ಗಂಡಸರ ಬಗ್ಗೆ ಫ್ರಾಯ್ಡ್ 1912ರಲ್ಲಿ ಬರೆದ. ತಾಯಿ ಒಂದು ಕಡೆ, ಸೂಳೆ ಇನ್ನೊಂದು ಕಡೆ, ನಡುವೆ ಎತ್ತರದ ಬೇಲಿ. ಆಚಾರ್ಯರ ಬದುಕೆಲ್ಲ ಆ ಬೇಲಿಯ ಮೇಲೆಯೇ ನಿಂತದ್ದು. ಚಂದ್ರಿ ಒಂದೇ ಗಳಿಗೆಯಲ್ಲಿ ತಾಯಿಯೂ ಆಗಿ, ಪ್ರೇಯಸಿಯೂ ಆಗಿ ಅದನ್ನು ಕಿತ್ತು ಹಾಕುತ್ತಾಳೆ. ಅವರು ಇಷ್ಟು ಕಂಗೆಟ್ಟದ್ದು ಇದಕ್ಕೆ. ಬರೇ ಕಾಮವಾಗಿದ್ದರೆ ಒಂದು ಸ್ನಾನ, ಒಂದು ಉಪವಾಸದಲ್ಲಿ ತೊಳೆದುಕೊಳ್ಳಬಹುದಿತ್ತು. ಅಲ್ಲಿ ಸಿಕ್ಕಿದ್ದು ಮಮತೆ. ಅದನ್ನು ಮೈಲಿಗೆ ಎಂದು ಕರೆಯಲು ಅವರಿಗೂ ಬಾಯಿ ಬರಲಿಲ್ಲ.

ಎಚ್ಚರವಾದ ಮೇಲೆ ಅವರು ಚಂದ್ರಿಗೆ ಹೇಳುವ ಮಾತು ಇನ್ನೂ ಕುತೂಹಲದ್ದು. ನಾಳೆ ಎಲ್ಲರೆದುರು ನಡೆದದ್ದನ್ನು ಹೇಳೋಣ, ನನಗೆ ಧೈರ್ಯ ಬಾರದಿದ್ದರೆ ನೀನೇ ಹೇಳು ಎನ್ನುತ್ತಾರೆ. ನಿರ್ಧಾರವನ್ನು ಮೊದಲು ತಾಳೆಗರಿಯ ಶಾಸ್ತ್ರಗ್ರಂಥಗಳಿಗೆ ಬಿಟ್ಟರು, ಆಮೇಲೆ ಮಾರುತಿಗೆ, ಈಗ ಚಂದ್ರಿಗೆ. ಮೂವರೂ ಅದನ್ನು ಅವರ ಕೈಗೇ ಹಿಂದಿರುಗಿಸುತ್ತಾರೆ. ವಿ.ಎಸ್. ನೈಪಾಲ್ 1977ರಲ್ಲಿ ಭಾರತದ ಕುರಿತು ಬರೆದ ಪುಸ್ತಕದಲ್ಲಿ, ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರ ವಿಚಾರಗಳ ಜೊತೆಗಿಟ್ಟು ಈ ಆಚಾರ್ಯರನ್ನು ಚರ್ಚಿಸುತ್ತಾನೆ. ಭಾರತೀಯರ ‘ನಾನು’ ಇನ್ನೂ ಪೂರ್ತಿ ಬೆಳೆದಿಲ್ಲ, ಜಾತಿ ಮತ್ತು ಆಚಾರಗಳೇ ಅದರ ಊರುಗೋಲು ಎಂಬ ಧಾಟಿಯ ಓದು ಅದು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಊರುಗೋಲು ಕಳೆದುಕೊಂಡವನು ಬಿದ್ದಲ್ಲೇ ಬಿದ್ದಿರುತ್ತಾನೆ. ಆಚಾರ್ಯರು ಎದ್ದು ನಡೆದರು. ‘ನಾನು’ ಇಲ್ಲದ ಮನುಷ್ಯನಿಗೆ ಇಷ್ಟು ಆತಂಕವಾಗುವುದು ಸಾಧ್ಯವೇ? ಆ ನಡುಕ ಒಂದು ‘ನಾನು’ ಹುಟ್ಟುವಾಗಿನ ನೋವು.

ಹೆಂಡತಿಯ ಸೂತಕದಲ್ಲಿರುವಾಗಲೇ ಆಚಾರ್ಯರು ಮೇಳಿಗೆಯ ಜಾತ್ರೆಗೆ ಹೋಗಿ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂರುತ್ತಾರೆ. ಯಾರಾದರೂ ಗುರುತು ಹಿಡಿದರೆ ಗತಿ ಏನು ಎಂಬ ಒಂದೇ ಭಯ. ಹಾಗಿದ್ದರೆ ಸುತ್ತಲಿನ ಬ್ರಾಹ್ಮಣರೆಲ್ಲ ಬಂದು ಸೇರುವ ಆ ಪಂಕ್ತಿಗೇ ಯಾಕೆ ಬಂದರು? ಕೊನೆಗೆ ಯಾರೋ ಗುರುತು ಹಿಡಿದೇ ಬಿಡುತ್ತಾರೆ, ಆಚಾರ್ಯರು ಎದ್ದು ಓಡುತ್ತಾರೆ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ. ಆಗ ನನಗೆ ಇಪ್ಪತ್ತಮೂರು. ಮೆಚ್ಚಿದ ಹುಡುಗ ನಮ್ಮ ಜಾತಿಯವನಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೂರದ ನೆಂಟರ ಮದುವೆಯೊಂದಿತ್ತು. ನಮ್ಮಿಬ್ಬರನ್ನು ಒಟ್ಟಿಗೆ ನೋಡಿದ್ದವರು ಅಲ್ಲಿಗೆ ಬರುತ್ತಾರೆಂದು ನನಗೆ ತಿಳಿದಿತ್ತು. ಬಿಸಿಲು, ಬೇಡ ಎಂದು ಅಮ್ಮ ಹೇಳಿದರೂ ಹಟ ಹಿಡಿದು ಹೋದೆ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ಅಜ್ಜಿ ತಿರುಗಿ ಕೇಳಿದರು, ‘ಯಾರ ಮಗಳಮ್ಮಾ ನೀನು?’ ಅಷ್ಟೇ ಕೇಳಿದ್ದು. ಬಾಯಲ್ಲಿದ್ದ ತುತ್ತು ಕೆಳಗಿಳಿಯಲಿಲ್ಲ. ಎಲೆಯ ಮೇಲೆ ಬಡಿಸಿದ ಸಾರು ಅಂಚಿನ ಕಡೆಗೆ ಹರಿಯುತ್ತಿತ್ತು. ಅನ್ನ ಸರಿಸಿ ಕಟ್ಟೆ ಕಟ್ಟಬೇಕೆಂದು ಗೊತ್ತಿದೆ, ಕೈ ಏಳುತ್ತಿಲ್ಲ. ಎಡಗೈ ಸೀರೆಯ ನೆರಿಗೆಯನ್ನು ಹಿಚುಕುತ್ತಿತ್ತು. ಸಾರು ಎಲೆ ದಾಟಿ ಹೊರಗೆ ಹೋಯಿತು. ಕೊನೆಗೆ ಅಪ್ಪನ ಹೆಸರು ಹೇಳಿದೆ. ‘ಹೌದೇನು! ನಿಮ್ಮಜ್ಜಿ ಎಷ್ಟು ಚೆನ್ನಾಗಿ ಹಾಡುತ್ತಿದ್ದರು’ ಎಂದು ಅವರು ಪಾಯಸಕ್ಕೆ ಕೈ ಹಾಕಿದರು. ಮನೆಗೆ ಬಂದ ಮೇಲೆ ನನಗಾದದ್ದು ನೆಮ್ಮದಿಯಲ್ಲ, ನಿರಾಸೆ. ಇದನ್ನು ಯಾರಿಗೂ ಹೇಳಿರಲಿಲ್ಲ.

1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸ್ ಈ ನಿರಾಸೆಗೆ ಒಂದು ವಿವರಣೆ ಕೊಡುತ್ತಾರೆ. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರವ್ಯವಹಾರ ಇಟ್ಟುಕೊಂಡಿದ್ದರೂ ತಮ್ಮದೇ ದಾರಿ ಹಿಡಿದವರು ಅವರು. ಪ್ರತಿಯೊಂದು ಆಸೆಯೂ ತನ್ನ ವಿರುದ್ಧ ಆಸೆಯ ಜೊತೆಗೇ ಹುಟ್ಟುತ್ತದೆ ಎನ್ನುವುದು ಅವರ ಸಿದ್ಧಾಂತ. ಹೊಡೆಯುವ ಆಸೆಯ ಬೆನ್ನಿಗೆ ಹೊಡೆಸಿಕೊಳ್ಳುವ ಆಸೆ ಇರುತ್ತದೆ, ಒಂದು ಮೇಲೆ ಬಂದಾಗ ಇನ್ನೊಂದು ತಳದಲ್ಲಿ ಅಡಗುತ್ತದೆ. ಅಡಗುವ ಆಸೆಯ ಬೆನ್ನಿಗೆ ಸಿಕ್ಕಿಬೀಳುವ ಆಸೆ ಇರಬಾರದೇಕೆ? ಆಚಾರ್ಯರ ಕಾಲು ಪಂಕ್ತಿಯ ಕಡೆ ನಡೆದದ್ದು, ನನ್ನ ಕಾಲು ಆ ಮದುವೆಯ ಕಡೆ ನಡೆದದ್ದು ಒಂದೇ ಬಲದಿಂದ ಎಂದು ನನಗೆ ಅನಿಸುತ್ತದೆ. ಯಾರಾದರೂ ಕೈ ಹಿಡಿದು ಕೇಳಲಿ, ಗುಟ್ಟಿನ ಭಾರ ಒಮ್ಮೆ ಕೆಳಗಿಳಿಯಲಿ.

ಇಷ್ಟೆಲ್ಲ ಬರೆಯುವಾಗ ಒಂದು ಮಾತು ಚುಚ್ಚುತ್ತಲೇ ಇದೆ. ನಾವೆಲ್ಲ ಆಚಾರ್ಯರ ಮನಸ್ಸಿನ ಪದರ ಪದರ ಬಿಡಿಸುತ್ತೇವೆ. ಚಂದ್ರಿಯ ಮನಸ್ಸು ಯಾರಿಗೂ ಬೇಕಾಗಿಲ್ಲ. ಅವಳಿಗೆ ಆತಂಕವಿಲ್ಲ ಎಂದಾಕ್ಷಣ ಅವಳಿಗೆ ಒಳಮನಸ್ಸೇ ಇಲ್ಲವೆಂದು ನಾವು ತೀರ್ಮಾನಿಸಿದಂತಿದೆ. ಕಾದಂಬರಿಯಲ್ಲಿ ಅವಳು ಆ ರಾತ್ರಿಯನ್ನು ಪುಣ್ಯವೆಂದೇ ತಿಳಿಯುತ್ತಾಳೆ, ಅವರಿಂದ ಮಗುವಾಗಲಿ ಎಂದು ಬಯಸುತ್ತಾಳೆ. ನಿಷಿದ್ಧ ಎನ್ನುವ ಬೇಲಿ ಹಾಕಿದವರು ಅವಳನ್ನು ಹುಟ್ಟಿನಿಂದಲೇ ಅದರ ಆಚೆ ನಿಲ್ಲಿಸಿದ್ದರು. ದಾಟುವ ನಡುಕ ಅವಳಿಗೆ ಎಲ್ಲಿಂದ ಬರಬೇಕು? ಸ್ನೇಹಲತಾ ರೆಡ್ಡಿಯವರು ಹೆಚ್ಚು ಮಾತಿಲ್ಲದೆ, ಕಣ್ಣಿನಲ್ಲೇ ಆ ನಿರ್ಭಯವನ್ನು ತುಂಬಿದ್ದಾರೆ. ಅದು ನಟನೆ ಮಾತ್ರವಲ್ಲ ಎಂದು ತುರ್ತು ಪರಿಸ್ಥಿತಿಯ ಕಾಲ ತೋರಿಸಿತು. ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇದ್ದ ಅವರು, ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಎಲ್ಲರೆದುರು ಹೇಳು ಎಂದು ಆಚಾರ್ಯರು ವಹಿಸಿದ ಕೆಲಸವನ್ನು ಚಂದ್ರಿ ಮಾಡುವುದಿಲ್ಲ. ಅವರಿಗೆ ಅವಮಾನವಾಗಬಾರದು ಎಂಬುದಷ್ಟೇ ಅವಳ ಯೋಚನೆ. ಅದರ ಬದಲು ರಾತ್ರೋರಾತ್ರಿ ಪರಿಚಯದ ಮುಸಲ್ಮಾನನೊಬ್ಬನ ಗಾಡಿಯಲ್ಲಿ ನಾರಣಪ್ಪನ ಹೆಣವನ್ನು ಸಾಗಿಸಿ ಸುಡಿಸುತ್ತಾಳೆ. ಆಚಾರ್ಯರಿಗೆ ಇದು ತಿಳಿಯುವುದೇ ಇಲ್ಲ. ಕಾಡು, ಜಾತ್ರೆ, ಕೋಳಿ ಅಂಕ, ಊಟದ ಪಂಕ್ತಿ ಎಲ್ಲ ಸುತ್ತಿ, ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಹೋಗಿ ಎಲ್ಲವನ್ನೂ ಹೇಳಿಬಿಡಬೇಕು, ಆ ಹೆಣಕ್ಕೊಂದು ಗತಿ ಕಾಣಿಸಬೇಕು ಎಂದು ಕೊನೆಗೆ ಗಾಡಿ ಹತ್ತುತ್ತಾರಲ್ಲ, ಅಷ್ಟು ಹೊತ್ತಿಗೆ ಹೆಣ ಬೂದಿಯಾಗಿ ದಿನಗಳೇ ಕಳೆದಿವೆ. ಸುಡಿಸಿದವಳು ಆ ರಾತ್ರಿಯೇ ಕುಂದಾಪುರದ ದಾರಿ ಹಿಡಿದಿದ್ದಳು.