ಕೋಣನ ಮುಂದೆ ಬ್ಲೂಟೂತ್

ಮೊನ್ನೆ ಜಿಮ್ಮಿನಲ್ಲಿ ಗಟ್ಟಿಮುಟ್ಟಾದ ಆಸಾಮಿಯೊಬ್ಬ ಟ್ರೆಡ್‌ಮಿಲ್ ಹತ್ತಿದವನು ಎರಡೇ ನಿಮಿಷಕ್ಕೆ ಇಳಿದುಬಿಟ್ಟ. ಗಾಬರಿಯಾಗಿ ಹತ್ತಿರ ಹೋದೆ. ಎದೆ ಹಿಡಿದುಕೊಂಡಿರಲಿಲ್ಲ, ಕಿವಿ ಹಿಡಿದುಕೊಂಡಿದ್ದ. ‘ಏನಾಯ್ತ್ರೀ?’ ಅಂದೆ. ‘ಚಾರ್ಜ್ ಹೋಯ್ತು’ ಅಂದ. ಅವನದೋ ಇಯರ್‌ಬಡ್ಡಿನದೋ ಎಂದು ವಿಚಾರಿಸುವಷ್ಟರಲ್ಲಿ ಟವೆಲ್ ಹೆಗಲಿಗೇರಿಸಿ ಮನೆಯ ದಾರಿ ಹಿಡಿದಿದ್ದ. ಕಾಲು ಎರಡೂ ನೆಟ್ಟಗಿದ್ದವು, ಉಸಿರು ಸರಾಗವಾಗಿತ್ತು, ಟ್ರೆಡ್‌ಮಿಲ್ಲಿಗೆ ಕರೆಂಟೂ ಇತ್ತು. ಕಿವಿಯಲ್ಲಿ ಹಾಡೊಂದು ಇರಲಿಲ್ಲ, ಅಷ್ಟೆ. ಹಾಡಿಲ್ಲದೆ ಓಡಿದರೆ ಕೊಬ್ಬು ಕರಗುವುದಿಲ್ಲ ಎಂದು ಯಾವ ಗ್ರಂಥದಲ್ಲಿದೆಯೋ ಕಾಣೆ. ಜಿಮ್ಮಿಗೆ ಬರುವವರೆಲ್ಲ ಅದನ್ನು ಬಾಯಿಪಾಠ ಮಾಡಿಕೊಂಡಂತಿದೆ.

ಬರೀ ಮೂಢನಂಬಿಕೆ ಎಂದು ಬೈದು ಮುಗಿಸೋಣವೆಂದರೆ ವಿಜ್ಞಾನ ಅಡ್ಡ ಬರುತ್ತದೆ. ನ್ಯೂಯಾರ್ಕಿನಲ್ಲಿ ಆರು ದಿನಗಳ ಸೈಕಲ್ ರೇಸ್ ನಡೆಯುತ್ತಿದ್ದ ಕಾಲದಲ್ಲಿ, ಬ್ಯಾಂಡು ಬಾರಿಸುತ್ತಿರುವಾಗ ಸವಾರರು ಹೆಚ್ಚು ಜೋರಾಗಿ ತುಳಿಯುತ್ತಾರೆ, ಬ್ಯಾಂಡು ನಿಂತರೆ ನಿಧಾನವಾಗುತ್ತಾರೆ ಎಂದು ಲೆನರ್ಡ್ ಏರ್ಸ್ ಎಂಬ ಅಮೆರಿಕದವರು 1911ರಲ್ಲೇ ಬರೆದಿಟ್ಟಿದ್ದಾರೆ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮುರಿದಾಗ, ತನಗಿಷ್ಟದ ಪಾಪ್ ಹಾಡೊಂದನ್ನು ಧ್ವನಿವರ್ಧಕದಲ್ಲಿ ಹಾಕಿಸಿಕೊಂಡು ಅದರ ಬೀಟಿಗೇ ಹೆಜ್ಜೆ ಹಾಕಿದ್ದ. ಈ ಕಥೆ ಕೇಳಿದ ನಮ್ಮವರು ಹಾಡನ್ನು ಹಿಡಿದುಕೊಂಡರು, ಓಟವನ್ನು ಅವನಿಗೇ ಬಿಟ್ಟರು.

ಸಂಗೀತ ಮತ್ತು ವ್ಯಾಯಾಮದ ಬಗ್ಗೆ ಅಲ್ಲಿಯವರೆಗೆ ನಡೆದಿದ್ದ 139 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಜಾಲಾಡಿದ ವಿಶ್ಲೇಷಣೆಯೊಂದು 2020ರಲ್ಲಿ ಬಂತು. ಹಾಡು ಕೇಳುತ್ತಾ ಮೈ ದಂಡಿಸಿದರೆ ಮನಸ್ಸಿಗೆ ಹಿತವೆನಿಸುತ್ತದೆ, ಸಾಮರ್ಥ್ಯ ಸ್ವಲ್ಪ ಏರುತ್ತದೆ, ಸುಸ್ತು ಸ್ವಲ್ಪ ಕಡಿಮೆ ಅನ್ನಿಸುತ್ತದೆ, ಆಮ್ಲಜನಕದ ಬಳಕೆಯಲ್ಲೂ ಒಂದು ಚಿಟಿಕೆ ಉಳಿತಾಯವಾಗುತ್ತದೆ. ಹೃದಯದ ಬಡಿತದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹಾಡು ನೇರ ಹೃದಯಕ್ಕೆ ತಟ್ಟುತ್ತದೆ ಎಂದು ಇಷ್ಟು ಕಾಲ ಬರೆದುಕೊಂಡು ಬಂದ ಕವಿಗಳು ಈಗ ಏನು ಹೇಳುತ್ತಾರೋ. ಎಲ್ಲರಿಗೂ ಪಾಲು ಸಿಕ್ಕಿದೆ, ಹೃದಯವೊಂದೇ ಬರಿಗೈಲಿ ಕೂತಿದೆ.

‘ಸುಸ್ತು ಕಡಿಮೆ ಅನ್ನಿಸುತ್ತದೆ’ ಎಂಬಲ್ಲಿ ಒಂದು ಕ್ಷಣ ನಿಲ್ಲಬೇಕು. ಸುಸ್ತನ್ನು ಅಳೆಯಲು ಸ್ವೀಡನ್ನಿನ ಗುನ್ನಾರ್ ಬೋರ್ಗ್ ಒಂದು ಮಾಪಕ ಮಾಡಿಟ್ಟರು. ಅದು ಸೊನ್ನೆಯಿಂದ ಶುರುವಾಗುವುದಿಲ್ಲ, 6ರಿಂದ 20ರವರೆಗೆ ಹೋಗುತ್ತದೆ. ವಿಚಿತ್ರವೇನಲ್ಲ: ನೀವು ಹೇಳಿದ ಅಂಕಿಗೊಂದು ಸೊನ್ನೆ ಅಂಟಿಸಿದರೆ ಸುಮಾರಾಗಿ ನಿಮ್ಮ ನಾಡಿಬಡಿತ ಸಿಗಲಿ ಎಂಬ ಲೆಕ್ಕ. ಹಾಡು ಕೇಳುತ್ತಿರುವವರು ಅದೇ ಕೆಲಸಕ್ಕೆ ಒಂದು ಮೆಟ್ಟಿಲು ಕೆಳಗಿನ ಅಂಕಿ ಹೇಳುತ್ತಾರೆ. ಅಂದರೆ ಹಾಡು ಕಾಲಿಗೆ ಬಲ ತುಂಬುತ್ತಿಲ್ಲ. ಕಾಲು ಬರೆದು ಕಳಿಸಿದ ದೂರಿನ ಅರ್ಜಿಯನ್ನು ಮೆದುಳಿನ ಬಾಗಿಲಲ್ಲೇ ತಡೆದು, ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಆಮೇಲೆ ಬಾ’ ಎಂದು ಸಾಗಹಾಕುತ್ತಿದೆ. ಮೊಣಕಾಲು ಹೋಗಿ ಮರುದಿನ ಬರುತ್ತದೆ. ಮರುದಿನ ನಮಗೆ ಮೆಟ್ಟಿಲಿಳಿಯಲು ಆಗುವುದಿಲ್ಲ.

ಈ ಜವಾನಗಿರಿಯೂ ಒಂದು ಮಿತಿಯವರೆಗೆ ಮಾತ್ರ. ಬೆವರು ನಿಧಾನಕ್ಕೆ ಬರುವ ಹಂತದಲ್ಲಿ ಅರ್ಜಿಗಳನ್ನು ತಡೆಯಬಹುದು. ಓಟ ಜೋರಾಗಿ ಬಾಯಲ್ಲಿ ಉಸಿರಾಡುವ ಹೊತ್ತಿಗೆ ಕಾಲು, ಶ್ವಾಸಕೋಶ, ಸೊಂಟ ಎಲ್ಲ ಸೇರಿ ಮೆರವಣಿಗೆ ಬರುತ್ತವೆ, ಬಾಗಿಲು ಮುರಿಯುತ್ತವೆ. ಆಗ ಕಿವಿಯಲ್ಲಿ ಯಾರು ಹಾಡುತ್ತಿದ್ದಾರೆ ಎಂಬುದೂ ತಿಳಿಯುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನು ಫಲ ಎಂದು ನಮ್ಮ ಹಿರಿಯರು ಕೇಳಿದರಲ್ಲ, ಆ ಕೋಣ ಬಹುಶಃ ಬೆಟ್ಟ ಹತ್ತುತ್ತಿತ್ತು.

ಹೋಗಲಿ, ಹಿತ ಅನ್ನಿಸುವುದೇ ದೊಡ್ಡದು. ಅಷ್ಟರಿಂದಲಾದರೂ ಮನುಷ್ಯ ಕುರ್ಚಿ ಬಿಟ್ಟು ಏಳುತ್ತಾನೆ. ಆದರೆ ಈ ಸಣ್ಣ ಲಾಭವನ್ನು ನಾವು ಪಡೆಯುತ್ತಿರುವ ರೀತಿ ನೋಡಿ. ಹಾಡಿನ ವೇಗ ನಿಮಿಷಕ್ಕೆ 120ರಿಂದ 140 ಬೀಟಿನ ಆಸುಪಾಸಿದ್ದರೆ ವ್ಯಾಯಾಮಕ್ಕೆ ಒಗ್ಗುತ್ತದೆ, ಅದಕ್ಕಿಂತ ಏರಿಸಿದರೆ ಹೆಚ್ಚಿನ ಲಾಭವಿಲ್ಲ ಎಂಬುದು ಈ ವಿಷಯ ಅಭ್ಯಾಸ ಮಾಡಿದವರ ಮಾತು. ಒಂದು ಪ್ರಯೋಗದಲ್ಲಿ ಸೈಕಲ್ ತುಳಿಯುವವರಿಗೆ ಹೇಳದೆ ಹಾಡಿನ ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರಂತೆ. ಪಾಪ, ಅವರು ಹೆಚ್ಚು ದೂರ ತುಳಿದರು. ಇಲ್ಲೆಲ್ಲ ಮಾತಾಡುತ್ತಿರುವುದು ವೇಗದ ಬಗ್ಗೆ. ಆದರೆ ಜಿಮ್ಮಿನ ಸ್ಪೀಕರಿಗಿರುವ ಗುಂಡಿ ಒಂದೇ, ಅದು ಸದ್ದಿನದು. ಮೆಂಬರ್‌ಗಳು ಸಪ್ಪಗಿದ್ದಾರೆ ಎನ್ನಿಸಿದಾಗಲೆಲ್ಲ ಟ್ರೇನರ್ ಹೋಗಿ ಅದನ್ನು ಬಲಕ್ಕೆ ತಿರುಗಿಸುತ್ತಾನೆ.

ಆಗ ಏನಾಗುತ್ತದೆ? ಮೆಂಬರ್‌ಗಳ ಕಿವಿಯಲ್ಲಿ ಅವರವರ ಹಾಡಿರುತ್ತದೆ. ಸ್ಪೀಕರಿನ ಹಾಡು ಅದರ ಮೇಲೆ ಹತ್ತಿ ಕೂರುತ್ತದೆ. ಅವರು ಇಯರ್‌ಬಡ್ಡಿನ ವಾಲ್ಯೂಮ್ ಏರಿಸುತ್ತಾರೆ. ತಾನು ಹೇಳಿದ್ದು ಇವರಿಗೆ ಕೇಳುತ್ತಿಲ್ಲವೆಂದು ಟ್ರೇನರ್ ಕಿರುಚುತ್ತಾನೆ. ಕಿರುಚಿದ್ದು ಸ್ಪೀಕರಿನಲ್ಲಿ ಮುಳುಗುತ್ತದೆ. ‘ಇನ್ನೂ ಎರಡು ರೆಪ್’ (ಒಂದು ಸಲ ಎತ್ತಿ ಇಳಿಸಿದರೆ ಜಿಮ್ಮಿನ ಭಾಷೆಯಲ್ಲಿ ಒಂದು ರೆಪ್) ಎಂದದ್ದು ‘ಸಾಕು, ಬಿಡು’ ಎಂದು ಕೇಳಿಸಿ ಒಬ್ಬ ಡಂಬೆಲ್ ಬಿಡುತ್ತಾನೆ. ಆ ಧಡಾರ್ ಸದ್ದು ಮಾತ್ರ ಎಲ್ಲರಿಗೂ ಕೇಳುತ್ತದೆ; ಇಡೀ ಜಿಮ್ ಒಂದೇ ತಾಳಕ್ಕೆ ಬರುವುದು ಆ ಒಂದು ಕ್ಷಣ. ಸುರಕ್ಷಿತವಾಗಿ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧಕ್ಕಿಳಿಯುತ್ತಾ ಹೋಗುತ್ತದೆ. ಹಾಗೆ ಇಳಿಸಿಕೊಂಡು ಹೋದರೆ ನೂರು ಡೆಸಿಬೆಲ್ ಹತ್ತಿರ ವಾರಕ್ಕೆ ಉಳಿಯುವುದು ಸುಮಾರು 20 ನಿಮಿಷ. ಸೋಮವಾರದ ವಾರ್ಮ್‌ಅಪ್ಪಿನಲ್ಲೇ ಭಾನುವಾರದವರೆಗಿನ ಪಾಲು ಖರ್ಚಾಯಿತು. ತೋಳು ಬೆಳೆಸಲು ಬಂದವರು ಕಿವಿ ಒತ್ತೆ ಇಟ್ಟು ಹೋಗುತ್ತಿದ್ದಾರೆ.

ಸ್ಪರ್ಧೆಯ ಓಟಗಾರರಿಗಂತೂ ಈ ಭಾಗ್ಯವೇ ಇಲ್ಲ. ಅಮೆರಿಕದ ಅಥ್ಲೆಟಿಕ್ಸ್ ಒಕ್ಕೂಟ 2007ರಲ್ಲಿ ತನ್ನ ಓಟಗಳಲ್ಲಿ ಹೆಡ್‌ಫೋನ್ ನಿಷೇಧಿಸಿತ್ತು. ಆಮೇಲೆ ಸಡಿಲಿಸಿ, ಚಾಂಪಿಯನ್‌ಷಿಪ್‌ಗಳಲ್ಲಿ ಪದಕಕ್ಕೋ ಬಹುಮಾನಕ್ಕೋ ಓಡುವವರಿಗೆ ಮಾತ್ರ ಬೇಡವೆಂದಿತು. ಅರ್ಥ ಸ್ಪಷ್ಟವಾಗಿದೆ. ಕಿವಿಗೆ ಸಿಕ್ಕಿಸಿಕೊಂಡು ಬಂದವನು ಗೆಲ್ಲುವ ಪೈಕಿಯಲ್ಲ ಎಂದು ಅಧಿಕೃತವಾಗಿ ಒಪ್ಪಿಕೊಂಡಂತೆ. ಆ ಲೆಕ್ಕದಲ್ಲಿ ನಮ್ಮ ಜಿಮ್ಮಿನವರು ಬಹಳ ಪ್ರಾಮಾಣಿಕರು.

ಬೇರೆಯವರನ್ನು ಆಡಿಕೊಂಡಿದ್ದು ಸಾಕು, ನನ್ನದೂ ಹೇಳಿಬಿಡುತ್ತೇನೆ. ಓಡುವುದಕ್ಕೆಂದೇ ಪ್ಲೇಲಿಸ್ಟ್ ಮಾಡಲು ಎರಡು ಸಂಜೆ ಸೋಫಾದ ಮೇಲೆ ಕಳೆದೆ. ಬೀಟ್ ಎಣಿಸಿದೆ, 120ಕ್ಕಿಂತ ಕಡಿಮೆಯವನ್ನು ಕಿತ್ತೆ, ಕೊನೆಗೆ ಮೈ ಆರಿಸಿಕೊಳ್ಳಲು ನಿಧಾನದ ಹಾಡುಗಳನ್ನೂ ಸೇರಿಸಿದೆ. ಒಟ್ಟು ಮೂರು ಗಂಟೆಯಾಯಿತು. ನಾನು ಓಡುವುದು ಹನ್ನೆರಡು ನಿಮಿಷ. ಮೂರನೇ ಹಾಡು ಮುಗಿಯುವಷ್ಟರಲ್ಲಿ ನಿಧಾನದ ಹಾಡುಗಳಿಗೆ ಹಾರಬೇಕು, ಅವು ನಲವತ್ತೆರಡನೆಯ ನಂಬರಿನಲ್ಲಿವೆ. ಅಲ್ಲಿಗೆ ತಲುಪಲು ಹೆಬ್ಬೆರಳು ಪಟ್ಟಷ್ಟು ಪಾಡು ನನ್ನ ಮೈಯ ಬೇರಾವ ಸ್ನಾಯುವೂ ಪಟ್ಟಿಲ್ಲ. ಓಟ ಕುಂಟಿದರೆ ಹಾಡು ಬದಲಿಸುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಅವಳಿಗೆ ‘ನೆಕ್ಸ್ಟ್’ ಒತ್ತುವ ಅನುಕೂಲ ಇರಲಿಲ್ಲ.

ನಿನ್ನೆಯೂ ಹೀಗೇ ಟ್ರೆಡ್‌ಮಿಲ್ ಪಕ್ಕ ನಿಂತು ಹಾಡು ಹುಡುಕುತ್ತಿದ್ದೆ. ನೆಲ ಒರೆಸುವ ಅಮ್ಮ ಆ ಕಡೆಯ ಗೋಡೆಯಿಂದ ಶುರುಮಾಡಿದ್ದರು. ಕಿವಿಯಲ್ಲಿ ಏನೂ ಇಲ್ಲದವರು ಇಡೀ ಹಾಲಿನಲ್ಲಿ ಅವರೊಬ್ಬರೇ. ಸ್ಪೀಕರಿನ ಹಾಡು ನಿಜವಾಗಿ ತಲುಪುತ್ತಿದ್ದುದೂ ಅವರೊಬ್ಬರಿಗೇ. ಬೀಟ್ ಬಿದ್ದಾಗ ಮಾಪ್ ಎಡಕ್ಕೆ, ಇನ್ನೊಂದು ಬಿದ್ದಾಗ ಬಲಕ್ಕೆ. ಒಂದು ಸಲವೂ ತಾಳ ತಪ್ಪಲಿಲ್ಲ. ಹಾಡಿನ ತಾಳಕ್ಕೆ ಸರಿಯಾಗಿ ಪೆಡಲ್ ತುಳಿದವರಿಗೆ ಅದೇ ಕೆಲಸಕ್ಕೆ ನೂರಕ್ಕೆ ಏಳರಷ್ಟು ಆಮ್ಲಜನಕ ಕಡಿಮೆ ಸಾಕಾಯಿತು ಎಂದು 2012ರ ಅಧ್ಯಯನವೊಂದರಲ್ಲಿ ಬಂದಿತ್ತು. ಅದನ್ನು ಓದಿದ್ದವನು ನಾನು, ಮಾಡುತ್ತಿದ್ದವರು ಅವರು. ಉಸಿರು ಒಂದಿಷ್ಟೂ ಮೇಲೆ ಬಂದಿರಲಿಲ್ಲ.

ನೋಡುತ್ತಾ ಮೈಮರೆತಿದ್ದೆನೋ ಏನೋ, ಪಾದಕ್ಕೆ ಮಾಪಿನ ಕೋಲು ತಾಗಿತು. ಇಯರ್‌ಬಡ್ ತೆಗೆದು ‘ಏನಮ್ಮಾ?’ ಅಂದೆ.

‘ಕಾಲೆತ್ತಿ ಸಾರ್. ಎರಡು ಸಲ ಕೂಗಿದೆ. ಆಗಿನಿಂದ ಇಲ್ಲೇ ನಿಂತಿದ್ದೀರ.’

ಎತ್ತಿದೆ. ಆ ದಿನದ ಮೊದಲ ರೆಪ್ ಅದು.