ಮುದ್ರಿಸದೆ ನೆಮ್ಮದಿಯಿಲ್ಲದ ಲೆಕ್ಕಪತ್ರ ವಿಭಾಗ

ದಾವಣಗೆರೆಯಲ್ಲಿ ಕಬ್ಬಿಣ, ಸಿಮೆಂಟ್ ವಹಿವಾಟು ನಡೆಸುವ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವ ನನಗೆ, ಕಂಪ್ಯೂಟರಿನಲ್ಲೇ ಹುಟ್ಟಿದ ಇ-ಇನ್‌ವಾಯ್ಸ್ (ವಿದ್ಯುನ್ಮಾನ ಬಿಲ್ಲು) ಮೂರು ಪ್ರತಿಗಳಾಗಿ ಮುದ್ರಣಗೊಂಡು, ಒಂದು ಲಾರಿ ಚಾಲಕನ ಕೈಗೆ, ಒಂದು ಫೈಲಿಗೆ, ಮತ್ತೊಂದು ‘ಇರಲಿ’ ಎಂಬ ಒಂದೇ ಕಾರಣಕ್ಕೆ ಕಪಾಟಿಗೆ ಸೇರುವುದನ್ನು ನೋಡಿ ನೋಡಿ ಸಾಕಾಗಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ಇತರ ವ್ಯಾಪಾರಿಗಳಿಗೆ ಇ-ಇನ್‌ವಾಯ್ಸ್ ನೀಡುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ದಾರಿಯಲ್ಲಿ ತಪಾಸಣೆ ನಡೆದರೆ ಅದರ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೋರಿಸಬಹುದೆಂದು ಜಿಎಸ್‌ಟಿ ನಿಯಮವೇ ಹೇಳುತ್ತದೆ. ಲೆಕ್ಕಪುಸ್ತಕಗಳನ್ನು ವಿದ್ಯುನ್ಮಾನ ರೂಪದಲ್ಲಿಡಲು 2013ರ ಕಂಪನಿ ಕಾಯ್ದೆಯೂ ಅವಕಾಶ ಕೊಟ್ಟಿದೆ.

ಆದರೂ ನಮ್ಮ ಮೇಲಧಿಕಾರಿಗಳದು ಒಂದೇ ಪ್ರಶ್ನೆ: “ಆಡಿಟ್‌ನವರು ಬಂದರೆ ಏನು ತೋರಿಸುತ್ತೀರಿ?” ಆಡಿಟ್‌ನವರು ಬಂದು ಮೊದಲು ಕೇಳುವುದೇ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಬ್ಯಾಕಪ್ಪನ್ನು! ಹಾಳೆಯ ಎರಡೂ ಬದಿಗೆ ಮುದ್ರಿಸೋಣವೆಂದರೆ ಫೈಲಿನಲ್ಲಿ ಓದಲು ತೊಡಕಾಗುತ್ತದಂತೆ. ಕರಡನ್ನು ಪರದೆಯ ಮೇಲೆಯೇ ತಿದ್ದಿ ಎಂದರೆ ಕೆಂಪು ಪೆನ್ನಿಲ್ಲದೆ ಅವರಿಗೆ ತಪ್ಪು ಕಾಣುವುದಿಲ್ಲವಂತೆ. ಲೆಡ್ಜರಿನ ಕೊನೆಯ ಪುಟದಲ್ಲಿ ‘ಒಟ್ಟು’ ಎಂಬ ಒಂದೇ ಸಾಲು ಇದ್ದರೂ ಅದಕ್ಕೊಂದು ಇಡೀ ಹಾಳೆ ಹೋಗುತ್ತದೆ. (ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಈ ಹಾಳೆಗಳನ್ನು ಹಿಡಿಯುವುದೇ ಪ್ರತ್ಯೇಕ ಕೆಲಸ.) ಸಿಬ್ಬಂದಿಯ ಆಟೋ ಬಾಡಿಗೆಯ ಚೀಟಿಯನ್ನು ಮೂರು ಸಲ ಪ್ರಶ್ನಿಸುವ ಇದೇ ವಿಭಾಗ, ಟೋನರಿನ ಬಿಲ್ಲನ್ನು ಮಾತ್ರ ‘ಮುದ್ರಣ ಮತ್ತು ಲೇಖನ ಸಾಮಗ್ರಿ’ ಎಂಬ ಖಾತೆಗೆ ಮರುಮಾತಿಲ್ಲದೆ ಹಾಕಿ, ಆ ಬಿಲ್ಲಿಗೂ ಎರಡು ಜೆರಾಕ್ಸ್ ತೆಗೆಸುತ್ತದೆ.